ಇಪ್ಪತ್ತೆರಡನೇ ನಿಮಿಷ

ಗ್ದಿನಿಯಾ ಬಂದರಿನ ಹಿಂದೆ, ಹಾಯಿ ಹೊಲಿಯುವವರ ಮಳಿಗೆಯ ಮೇಲೆ
ನಮ್ಮ ಕಾರ್ಖಾನೆ: ಎರಡು ಮೇಜು, ಒಂದು ಕಿಟಕಿ,
ಅಳತೆಗೆಂದು ರಬ್ಬರಿನ ಕಿವಿಯುಳ್ಳ ಒಂದು ತಲೆ.
ರಬ್ಬರಿನ ಕಿವಿ ಎಂದೂ ದಣಿಯದು.
ನಮ್ಮ ತೊಂದರೆ ಶುರುವಾದದ್ದೇ ಅಲ್ಲಿಂದ.

ಮೊದಲ ಹೆಡ್‌ಫೋನು ಗಾಜಿನಂತಿತ್ತು.
ಚೆಲ್ಲೊ ನುಡಿಸುವವನ ತೋಳಿನ ಗುಂಡಿ
ಮರಕ್ಕೆ ತಾಕಿದ್ದು ಕೇಳುತ್ತಿತ್ತು,
ಹಾಳೆ ತಿರುವುವ ಮೊದಲು ಬೆರಳು ಒದ್ದೆ ಮಾಡಿಕೊಂಡದ್ದು,
ಏಳನೇ ಸಾಲಿನಲ್ಲಿ ಯಾರೋ ನುಂಗಿಕೊಂಡ ಕೆಮ್ಮು.
ಕೇಳಿದವರೆಲ್ಲ ಹತ್ತು ನಿಮಿಷ ಹುಬ್ಬೇರಿಸಿದರು.
ಬೆಲೆ ಹೇಳಿದ ಮೇಲೆ ಹುಬ್ಬು ಇಳಿಯಲೇ ಇಲ್ಲ.

ಆಮೇಲೆ ಬ್ರೋನಿಸ್ವಾವಾ ಬಂದರು,
ಕರಾವಳಿ ರೇಡಿಯೋದಲ್ಲಿ ಮೂವತ್ತೊಂದು ವರ್ಷ
ಹಡಗುಗಳಿಗೆ ಕಿವಿಗೊಟ್ಟು ನಿವೃತ್ತರಾದವರು.
ಗಂಟೆಗಿಷ್ಟು ಎಂದು ಗೊತ್ತುಮಾಡಿದ್ದೆವು.
ಗುಣದೋಷ ಬರೆಯಿರೆಂದು ಹಾಳೆ ಕೊಟ್ಟರೆ
ಅವರು ಬರೆದದ್ದು ಒಂದೇ ಅಂಕಿ:
೨೨.

ತೆಗೆದು, ಮೇಜಿನ ಮೇಲೆ ಕನ್ನಡಕದಂತೆ ಅಂಗಾತ ಇಟ್ಟು
ಕಿವಿಯ ಹಿಂದಿನ ಎಲುಬನ್ನು ಹೆಬ್ಬೆರಳಲ್ಲಿ ತಿಕ್ಕಿಕೊಂಡರು.
ಏನು ತಪ್ಪಿದೆ, ಅಂದೆ.
"ತಪ್ಪೇನಿಲ್ಲ. ಎಲ್ಲ ಸರಿಯಾಗಿದೆ.
ಯಾವಾಗಲೂ ಸರಿಯಾಗಿರುವವರ ಜೊತೆ
ನೀವು ಎಷ್ಟು ಹೊತ್ತು ಕೂತಿರಬಲ್ಲಿರಿ?"

ನಮ್ಮ ಪೋಲಿಷೋ, ಬರೀ ಸುಯ್ಯೆನ್ನುವ ಅಕ್ಷರಗಳ ಸಂತೆ.
ಮಳೆಗೆ ದೆಶ್ಚ್, ಪಿಸುಮಾತಿಗೆ ಶೆಪ್ತ್,
ಮೌನವನ್ನೂ ಬಿಟ್ಟಿಲ್ಲ: ಚಿಶಾ.
ಆ ಹೆಡ್‌ಫೋನಿನಲ್ಲಿ ಕಥೆ ಓದುವವಳೊಬ್ಬಳು ಚಿಶಾ ಅಂದಾಗ
ಮೌನವೇ ಬಾಣಲೆಯ ತಳ ಕೆರೆದಂತಾಯಿತು.

ಇಷ್ಟಾದರೂ ತಗ್ಗಿಸಲು ನನಗೆ ನಾಚಿಕೆ.
ಎಂಟು ಸಾವಿರ ಕಂಪನದ ಆಸುಪಾಸಿನಲ್ಲಿ
ಗೆರೆ ತುಸು ಬಾಗಿದರೆ ನೋಡುವವರು ಕೊರತೆ ಅನ್ನುತ್ತಾರೆ,
ಮಂಕು ಅನ್ನುತ್ತಾರೆ, ಕಂಬಳಿ ಹೊದಿಸಿದೆ ಅನ್ನುತ್ತಾರೆ.
ನಿಜಕ್ಕೂ ಹೊದಿಸಿದ್ದು ಕಂಬಳಿಯನ್ನೇ:
ಕ್ಸವೆರಿ ಉಣ್ಣೆಯ ಫೆಲ್ಟನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಸೀಳಿ
ಉಂಗುರ ಕತ್ತರಿಸುತ್ತಿದ್ದ, ಚಳಿಗಾಲ ಪೂರ್ತಿ.
೨೬. ೩೫. ಒಮ್ಮೆ ಉಂಗುರ ದಪ್ಪವಾಗಿ, ೯.
"ಮಬ್ಬಿನಲ್ಲಿ ಕಣ್ಣು ಕಿರಿದು ಮಾಡಿ ಓದಿದ ಹಾಗೆ.
ಇದೂ ದಣಿವೇ" ಎಂದರು.

ಚಹಾದ ಹೊತ್ತಿಗೆ ಒಂದು ದಿನ ತಾವಾಗಿ ಹೇಳಿದರು:
"ನನಗೆ ಬೇಕಿದ್ದದ್ದು ಒಂದು ದೋಣಿ,
ಅದಕ್ಕಾಗಿ ಇಡೀ ಸಮುದ್ರ ಕೇಳಬೇಕಿತ್ತು.
ರಾತ್ರಿಪಾಳಿಯ ನಾಲ್ಕನೇ ತಾಸಿಗೆ
ಕಿವಿ ಇರುತ್ತೆ, ಕೇಳುವವಳು ಇರೋದಿಲ್ಲ.
ಮೀನು ಹಿಡಿಯುವವನೊಬ್ಬ ದೋಣಿಯ ಹೆಸರು ಹೇಳಿ ಕರೆದ.
ಮೂರನೇ ಸಲಕ್ಕೆ ಉತ್ತರ ಕೊಟ್ಟೆ.
ಏನೂ ಆಗಲಿಲ್ಲ. ಮಂಜು ಎಷ್ಟಿದೆ ಅಂತ ಕೇಳೋಕೆ ಕರೆದಿದ್ದ, ಅಷ್ಟೆ.
ಆದರೆ ಎರಡು ಸಲ
ಅಲ್ಲಿ ಅವನೊಬ್ಬನೇ ಇದ್ದ."
ಸಕ್ಕರೆ ಕಲಕಿದರು, ಚಮಚ ಲೋಟಕ್ಕೆ ತಾಗದ ಹಾಗೆ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಹದಿನೇಳನೇ ಉಂಗುರ.
ಬ್ರೆಡ್ಡು ತರಲು ಹೋದವನು ಸಾಲಿನಲ್ಲಿ ಸಿಕ್ಕಿಬಿದ್ದು
ಬರುವಷ್ಟರಲ್ಲಿ ಕೆಳಗಿನವರು ಹೊಲಿಗೆ ನಿಲ್ಲಿಸಿ ಬೀಗ ಹಾಕಿದ್ದರು.
ಮೇಲೆ ದೀಪವಿಲ್ಲ. ಕಿಟಕಿಯ ಬಳಿ ಅವರು,
ತಲೆಗೆ ಹೆಡ್‌ಫೋನು, ಮಡಿಲಲ್ಲಿ ತೂತುಬಿದ್ದ ಕಾಲುಚೀಲ,
ಸೂಜಿ ನಡೆಯುತ್ತಿತ್ತು. ಹಾಳೆಯಲ್ಲಿ ಅಂಕಿ ಇಲ್ಲ.
ಹಿಂಬದಿ ತೆರೆದ ಬಟ್ಟಲುಗಳಿಂದ ಚೆಲ್ಲೊ
ಸೋರಿ ಮಬ್ಬಿಗೆ ಬೆರೆಯುತ್ತಿತ್ತು.

ನಿದ್ದೆ ಕೆಡಿಸಲು ಅಂಜುವವನಂತೆ ಮೆಲ್ಲಗೆ ಕರೆದೆ:
"ಬ್ರೋನಿಸ್ವಾವಾ ಅವರೇ."
ಒಂದೇ ಸಲ.
"ಹೇಳಿ, ಕೇಳ್ತಾ ಇದ್ದೀನಿ" ಎಂದರು
ಸೂಜಿಯಿಂದ ಕಣ್ಣೆತ್ತದೆ.

ಆ ಗುಂಡಿಯ ಸದ್ದು ಈಗಿಲ್ಲ.
ಗಾಜಿನಂಥದ್ದನ್ನು ಮನೆಯಲ್ಲಿ ಇಟ್ಟುಕೊಂಡಿದ್ದೇನೆ.
ಕೆಲವು ರಾತ್ರಿ ಹಾಕಿಕೊಂಡು ಕಾಯುತ್ತೇನೆ:
ಟಕ್, ಸ್ಪಷ್ಟವಾಗಿ,
ಬಿಳಿ ಗುಂಡಿಯೇ ಇರಬೇಕು, ದಾರ ಸ್ವಲ್ಪ ಸಡಿಲ.
ಹನ್ನೊಂದನೇ ನಿಮಿಷಕ್ಕೆ ತೆಗೆದಿಡುತ್ತೇನೆ.